ಪತ್ತೇದಾರಿ, ಬೇಟೆ, ಪಲಾಯನ: ಕಾಡಂಚಿನಲ್ಲಿ ಕುಳಿತು ಓದುಗರನ್ನು ಸೃಷ್ಟಿಸಿದ ತೇಜಸ್ವಿ

ಕೊಪ್ಪ: ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳು ಕನ್ನಡ ಸಾಹಿತ್ಯದ ಭೂಪಟದಲ್ಲಿ ಸಾಮಾನ್ಯವಾಗಿ ಕುವೆಂಪು ಅವರ ಹೆಸರಿನೊಂದಿಗೆ ಕಾಣಿಸಿಕೊಳ್ಳುತ್ತವೆ. ರಾಷ್ಟ್ರಕವಿ ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಬೆಳೆದದ್ದು ಇಲ್ಲಿಂದ ತೀರ್ಥಹಳ್ಳಿಗೆ ಹೋಗುವ ಹಾದಿಯ ಪಕ್ಕಕ್ಕಿರುವ ಕುಪ್ಪಳಿಯಲ್ಲಿ. ಆದರೆ ಈ ಭಾಗದ ಕಾಡು, ಏಲಕ್ಕಿ ತೋಟ, ಘಾಟಿ ರಸ್ತೆ, ಲಾರಿ, ನಾಟಾ, ಕೋವಿ ಇವೆಲ್ಲವನ್ನೂ ರಹಸ್ಯಕಥೆಯ ಸರಕಾಗಿ ಮಾರ್ಪಡಿಸಿ, ಆ ಕಥೆಗಳನ್ನು ತಮ್ಮದೇ ಪ್ರಕಾಶನದ ಮೂಲಕ ರಾಜ್ಯದ ಮೂಲೆಮೂಲೆಗೆ ತಲುಪಿಸಿದವರು ಅವರ ಹಿರಿಯ ಮಗ ಕೆ.ಪಿ. ಪೂರ್ಣಚಂದ್ರ ತೇಜಸ್ವಿ.

ತೇಜಸ್ವಿಯವರನ್ನು ಪರಿಸರದ ಲೇಖಕ, ‘ಕರ್ವಾಲೊ’ ಕಾದಂಬರಿಕಾರ, ಹಕ್ಕಿಗಳ ಛಾಯಾಗ್ರಾಹಕ ಎಂದು ನೆನೆಯುವುದು ವಾಡಿಕೆ. ಅವರು ಕೊಲೆ, ಕಣ್ಮರೆ, ಕಳ್ಳಸಾಗಣೆ, ನರಭಕ್ಷಕ, ಜೈಲಿನಿಂದ ತಪ್ಪಿಸಿಕೊಂಡ ಕೈದಿ ಇಂಥ ವಸ್ತುಗಳ ಲೇಖಕರೂ ಪ್ರಕಾಶಕರೂ ಆಗಿದ್ದರೆಂಬುದನ್ನು ಯಾರೂ ಒತ್ತಿ ಹೇಳುವುದಿಲ್ಲ. ಪತ್ತೇದಾರಿ ಎಂದರೆ ರೈಲು ನಿಲ್ದಾಣದಲ್ಲಿ ಕೊಂಡು ಊರು ಬಂದೊಡನೆ ಬಿಸಾಡುವ ಪುಸ್ತಕ ಎಂಬ ಭಾವನೆ ನಮ್ಮ ವಿಮರ್ಶಕ ವಲಯದಲ್ಲಿ ಗಟ್ಟಿಯಾಗಿದ್ದ ಕಾಲದಲ್ಲಿ ಅವರು ಈ ಕೆಲಸ ಮಾಡಿದರು.

ಆ ಭಾವನೆಗೆ ಕಾರಣವೂ ಇತ್ತು. ಅಮೆರಿಕದಲ್ಲಿ 1919ರಲ್ಲಿ ಆರಂಭವಾದ ‘ವೆಸ್ಟರ್ನ್ ಸ್ಟೋರಿ ಮ್ಯಾಗಜೀನ್’, 1920ರಲ್ಲಿ ಆರಂಭವಾದ ‘ಬ್ಲ್ಯಾಕ್ ಮಾಸ್ಕ್’ ಮುಂತಾದ ಅಗ್ಗದ ಕಾಗದದ ಪತ್ರಿಕೆಗಳು ಕುದುರೆ ಸವಾರರ ಮತ್ತು ಪತ್ತೇದಾರರ ಸಣ್ಣಕಥೆಗಳಿಗೆ ದೊಡ್ಡ ಮಾರುಕಟ್ಟೆಯನ್ನೇ ಕಟ್ಟಿದವು. ಡ್ಯಾಶಿಯಲ್ ಹ್ಯಾಮೆಟ್ ಅವರಂಥ ಬರಹಗಾರರು ಅಲ್ಲಿಂದ ಹೊರಬಂದು ಸಾಹಿತ್ಯದ ಚರಿತ್ರೆಯಲ್ಲಿ ಸ್ಥಾನ ಪಡೆದರು. ಕನ್ನಡದಲ್ಲಿ ಮ. ರಾಮಮೂರ್ತಿ, ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದ ಎನ್. ನರಸಿಂಹಯ್ಯ ಮೊದಲಾದವರು ಲಕ್ಷಾಂತರ ಮಂದಿಗೆ ಓದುವ ಚಟ ಹಿಡಿಸಿದರು. ಆದರೆ ಅವರ ಪುಸ್ತಕಗಳಿಗೂ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳಿಗೂ ನಡುವಿನ ಬಾಗಿಲು ಮುಚ್ಚಿಯೇ ಇತ್ತು. ಕನ್ನಡ ಎಂ.ಎ. ಪದವೀಧರರೂ ಕುವೆಂಪು ಅವರ ಪುತ್ರರೂ ಆದ ತೇಜಸ್ವಿ ಆ ಬಾಗಿಲನ್ನು ಒಳಗಿನಿಂದ ತೆರೆದರು.

ಅವರು ಜನಿಸಿದ್ದು 1938ರ ಸೆಪ್ಟೆಂಬರ್ 8ರಂದು. ಬಾಲ್ಯದ ಬಹುಭಾಗ ಮೈಸೂರಿನಲ್ಲಿ ಕಳೆಯಿತು. ಮಹಾರಾಜ ಕಾಲೇಜಿನಲ್ಲಿ ಓದು, ಸಿತಾರ್ ಕಲಿಕೆ, ಚಿತ್ರಕಲೆ, ಛಾಯಾಗ್ರಹಣ, ಲೋಹಿಯಾ ಚಿಂತನೆಯ ಸೆಳೆತ, ಗೆಳೆಯರ ಬಳಗದೊಡನೆ ಮುಗಿಯದ ಚರ್ಚೆ ಹೀಗೆ ಯೌವನ ಸಾಗಿತು. ‘ಲಿಂಗ ಬಂದ’ ಎಂಬ ಕಥೆಗೆ ‘ಪ್ರಜಾವಾಣಿ’ ದೀಪಾವಳಿ ಕಥಾಸ್ಪರ್ಧೆಯಲ್ಲಿ ಬಹುಮಾನ ಬಂದಾಗ ಅವರ ಹೆಸರು ಸಾಹಿತ್ಯಾಸಕ್ತರ ಗಮನಕ್ಕೆ ಬಂದಿತು. ಆ ಪ್ರತಿಭೆಗೆ ಅಧ್ಯಾಪಕ ವೃತ್ತಿ ಸಹಜವಾದ ದಾರಿಯಾಗಿತ್ತು. ತಂದೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು ಎಂಬುದನ್ನು ಮರೆಯಬಾರದು. ತೇಜಸ್ವಿ ಆ ದಾರಿ ಹಿಡಿಯದೆ ಮೂಡಿಗೆರೆ ತಾಲ್ಲೂಕಿನ ಕಾಡಂಚಿನಲ್ಲಿ ಜಮೀನು ಮಾಡಿ ಕಾಫಿ ಬೆಳೆಗಾರರಾದರು. 1966ರಲ್ಲಿ ರಾಜೇಶ್ವರಿ ಅವರೊಂದಿಗೆ ಕುವೆಂಪು ಆಶಯದ ಸರಳ ವಿವಾಹ ನಡೆಯಿತು. ಮೊದಲಿನ ‘ಚಿತ್ರಕೂಟ’ ತೋಟವನ್ನು ಮಾರಿದ ಬಳಿಕ ಮೂಡಿಗೆರೆ ಪಟ್ಟಣದ ಸಮೀಪ ‘ನಿರುತ್ತರ’ದಲ್ಲಿ ಅವರು ನೆಲೆ ನಿಂತರು. ದಂಪತಿಗೆ ಸುಸ್ಮಿತಾ ಮತ್ತು ಈಶಾನ್ಯೆ ಎಂಬ ಇಬ್ಬರು ಪುತ್ರಿಯರು.

ತೋಟದ ಬದುಕು ಅವರಿಗೆ ಕೊಟ್ಟ ಸಾಮಗ್ರಿ ಯಾವ ಗ್ರಂಥಾಲಯದಲ್ಲಿಯೂ ದೊರೆಯುವಂಥದ್ದಲ್ಲ. ಕೂಲಿಗಾರರು, ಫಾರೆಸ್ಟರುಗಳು, ಲೈನ್‌ಮನ್‌ಗಳು, ಜೇನು ಕೀಳುವವರು, ಕಳ್ಳಬೇಟೆಯವರು, ಲಾರಿ ಡ್ರೈವರುಗಳು, ಏಲಕ್ಕಿ ವ್ಯಾಪಾರಿಗಳು ಅವರ ಮನೆಯ ಜಗುಲಿಗೆ ಬಂದು ಹೋಗುತ್ತಿದ್ದ ಲೋಕವಾಯಿತು. ಇವರೆಲ್ಲರ ಬಾಯಲ್ಲಿ ಸುದ್ದಿಗಿಂತ ವದಂತಿಯೇ ಹೆಚ್ಚು. ಒಂದು ಸಾವು ಸಂಭವಿಸಿದರೆ ಅದಕ್ಕೆ ಹತ್ತು ಕಾರಣಗಳು ಹುಟ್ಟುತ್ತಿದ್ದವು. ಮಲೆನಾಡಿನಲ್ಲಿ ಇದು ಇಂದಿಗೂ ಹಾಗೆಯೇ. ಶೃಂಗೇರಿಯಿಂದ ಬಾಳೆಹೊನ್ನೂರಿನವರೆಗೆ ಯಾವ ಚಹಾ ಅಂಗಡಿಯ ಬೆಂಚಿನ ಮೇಲೆ ಕುಳಿತರೂ ಅರ್ಧ ಗಂಟೆಯೊಳಗೆ ಬಗೆಹರಿಯದ ಒಂದು ಪ್ರಕರಣ ಕಿವಿಗೆ ಬೀಳುತ್ತದೆ. ತೇಜಸ್ವಿ ಈ ವದಂತಿಯ ವ್ಯಾಕರಣವನ್ನು ಗ್ರಹಿಸಿದರು.

1973ರಲ್ಲಿ ಪ್ರಕಟವಾದ ‘ಅಬಚೂರಿನ ಪೋಸ್ಟಾಫೀಸು’ ಕಥಾಸಂಕಲನ ಈ ದೃಷ್ಟಿಯಿಂದ ಬಹು ಮುಖ್ಯವಾದುದು. ಅದರ ಮುನ್ನುಡಿಯಲ್ಲಿ ಅವರು ನವ್ಯ ಸಾಹಿತ್ಯದ ದಾರಿ ಸವೆದುಹೋಗಿದೆಯೆಂದು ಘೋಷಿಸಿ ಹೊರನಡೆದರು. ಲೋಹಿಯಾ ಅವರ ಚಿಂತನೆ, ಕುವೆಂಪು ಅವರ ಕಲಾಕೃತಿಗಳು, ಶಿವರಾಮ ಕಾರಂತರು ಬದುಕಿನಲ್ಲಿ ನಡೆಸಿದ ಪ್ರಯೋಗಗಳು ತಮ್ಮನ್ನು ರೂಪಿಸಿದವೆಂದು ಅಲ್ಲಿ ಸ್ಮರಿಸಿದರು. ಮುನ್ನುಡಿಯ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ಸಂಕಲನದೊಳಗಿನ ‘ಕುಬಿ ಮತ್ತು ಇಯಾಲ’ ಕಥೆಯ ರಚನೆಯ ಬಗ್ಗೆ ಅಷ್ಟು ನಡೆದಿಲ್ಲ.

ಹಳ್ಳಿಗೆ ಬಂದ ವೈದ್ಯ ಕುಬಿ ಇಯಾಲ ಎಂಬ ಹುಡುಗಿಯ ಸಾವಿನ ಕಾರಣವನ್ನು ಅರಸಿ ಹೊರಡುತ್ತಾನೆ. ಊರಿನ ಮೌಢ್ಯ, ಭಯ, ಮೌನಗಳು ಅವನಿಗೆ ಅಡ್ಡಬರುತ್ತವೆ. ಇದು ಅಪ್ಪಟ ಪತ್ತೇದಾರಿ ಕಥೆಯ ಚೌಕಟ್ಟು. ಶವವಿದೆ, ತನಿಖೆಗೆ ಹೊರಟವನಿದ್ದಾನೆ, ಬಾಯಿ ಬಿಡದ ಸಾಕ್ಷಿಗಳಿದ್ದಾರೆ. ಆದರೆ ಸಾಮಾನ್ಯ ಪತ್ತೇದಾರಿ ಕಥೆಯಲ್ಲಿ ಅಪರಾಧಿ ಸಿಕ್ಕಿಬಿದ್ದೊಡನೆ ಓದುಗ ನಿರಾಳನಾಗುತ್ತಾನೆ. ಇಲ್ಲಿ ಆ ನಿರಾಳವನ್ನು ಕಥೆಗಾರ ಕೊಡುವುದಿಲ್ಲ. ವೈಜ್ಞಾನಿಕ ಮನೋಭಾವದ ಒಬ್ಬ ವ್ಯಕ್ತಿ ಇಡೀ ಊರಿನ ನಂಬಿಕೆಗಳ ಎದುರು ಎಷ್ಟು ಒಂಟಿ ಎಂಬುದೇ ತನಿಖೆಯ ಫಲಿತಾಂಶವಾಗುತ್ತದೆ. 1992ರಲ್ಲಿ ಸದಾನಂದ ಸುವರ್ಣ ಇದನ್ನು ಚಲನಚಿತ್ರವಾಗಿಸಿದರು. ಅದಕ್ಕೂ ಮುನ್ನ ಇದೇ ಸಂಕಲನದ ‘ತಬರನ ಕಥೆ’ಯನ್ನು ಗಿರೀಶ್ ಕಾಸರವಳ್ಳಿ ತೆರೆಗೆ ತಂದು ರಾಷ್ಟ್ರೀಯ ಸ್ವರ್ಣಕಮಲ ಗಳಿಸಿದ್ದರು.

1980ರಲ್ಲಿ ಬಂದ ‘ಕರ್ವಾಲೊ’ ಕೂಡ ಒಂದು ಹುಡುಕಾಟದ ಕಥೆ. ಹಾರುವ ಓತಿಯ ಜಾಡು ಹಿಡಿದು ವಿಜ್ಞಾನಿ, ರೈತ, ಹಳ್ಳಿಯ ಮಂದಣ್ಣ ಎಲ್ಲರೂ ಕಾಡು ಹೊಕ್ಕುವ ಕೊನೆಯ ಭಾಗವನ್ನು ಒಮ್ಮೆ ಕೈಗೆತ್ತಿಕೊಂಡವರು ಕೆಳಗಿಡುವುದಿಲ್ಲ. ಅದರ ಬಗ್ಗೆ ಬರೆದವರು ಅನೇಕರಿರುವುದರಿಂದ ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ.

1985ರ ‘ಚಿದಂಬರ ರಹಸ್ಯ’ದಲ್ಲಿ ಮಾತ್ರ ತೇಜಸ್ವಿ ನೇರವಾಗಿಯೇ ಪತ್ತೇದಾರನನ್ನು ಕರೆತಂದರು. ಕೆಸರೂರು ಎಂಬ ಮಲೆನಾಡಿನ ಊರಿಗೆ ಗುಪ್ತಚರ ಇಲಾಖೆಯ ಅಧಿಕಾರಿ ಶ್ಯಾಮನಂದನ ಅಂಗಡಿ ಬರುತ್ತಾನೆ. ಏಲಕ್ಕಿ ಬೆಳೆಯ ಕುಸಿತ, ಜೋಗೀಹಾಳ್ ಎಂಬ ವಿಜ್ಞಾನಿಯ ನಿಗೂಢ ಸಾವು ಅವನ ತನಿಖೆಯ ವಿಷಯ. ಬಾಳೆಹೊನ್ನೂರಿನ ಸಮೀಪದಲ್ಲಿ 1925ರಷ್ಟು ಹಿಂದೆಯೇ ಕಾಫಿ ಸಂಶೋಧನಾ ಕೇಂದ್ರವನ್ನು ಕಂಡ ಈ ಸೀಮೆಯ ಓದುಗರಿಗೆ ಬೆಳೆಯ ರೋಗವೇ ಅಪರಾಧಕಥೆಯ ಮೂಲವಾಗುವುದು ವಿಚಿತ್ರವೆನಿಸಲಿಲ್ಲ. ತನಿಖೆ ಮುಂದುವರಿದಂತೆ ಊರಿನ ಜಾತಿ ವೈಷಮ್ಯ, ಮತೀಯ ಉದ್ವೇಗ, ಕಾಡುಗಳ್ಳತನ, ಯುವಕರ ಹುಸಿ ಕ್ರಾಂತಿ ಒಂದೊಂದಾಗಿ ಬಯಲಾಗುತ್ತವೆ. ಊರನ್ನು ಸುತ್ತುವರಿದು ಬೆಳೆದ ಲಂಟಾನಕ್ಕೆ ಬೆಂಕಿ ತಗುಲಿ ಕೆಸರೂರು ಸುಟ್ಟುಹೋಗುತ್ತದೆ. ಅಪರಾಧಿ ಯಾರು ಎಂಬ ಪ್ರಶ್ನೆಗೆ ಇಡೀ ಸಮಾಜವೇ ಉತ್ತರವಾಗಿ ನಿಲ್ಲುವ ಇಂಥ ಪತ್ತೇದಾರಿ ಕಾದಂಬರಿ ಕನ್ನಡದಲ್ಲಿ ಅದಕ್ಕೆ ಮೊದಲು ಇರಲಿಲ್ಲ ಎನ್ನಬಹುದು. ಕೃತಿಗೆ 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಗುಪ್ತಚರ ಅಧಿಕಾರಿಯ ತನಿಖೆಯನ್ನು ಹಂದರವಾಗಿಟ್ಟುಕೊಂಡ ಪುಸ್ತಕವನ್ನು ಅಕಾಡೆಮಿ ಪುರಸ್ಕರಿಸಿತೆಂಬ ಸಂಗತಿಯನ್ನು ಆಗ ಹೆಚ್ಚಿನವರು ಗಮನಿಸಿದಂತಿಲ್ಲ.

1991ರ ‘ಕಿರಗೂರಿನ ಗಯ್ಯಾಳಿಗಳು’ ಸಂಕಲನದಲ್ಲಿ ಸೇರಿರುವ ‘ಕೃಷ್ಣೇಗೌಡನ ಆನೆ’ ಇದೇ ಜಾಡಿನ ಇನ್ನೊಂದು ಕಥೆ. ಫಾರೆಸ್ಟರ್ ನಾಗರಾಜ ಕಾಣೆಯಾಗುತ್ತಾನೆ. ಊರಿನ ಸಂಶಯವೆಲ್ಲ ಒಂದು ಸಾಕಾನೆಯ ಮೇಲೆ ತಿರುಗುತ್ತದೆ. ಸರ್ಕಾರಿ ಇಲಾಖೆಗಳ ಪರಸ್ಪರ ಕಚ್ಚಾಟ, ಲಂಚ, ನಾಟಾ ಕಳ್ಳತನ ಇವೆಲ್ಲದರ ನಡುವೆ ಮೂಕಪ್ರಾಣಿ ಆರೋಪಿಯಾಗುವ ಈ ಕಥೆಯನ್ನು ನಗುತ್ತ ಓದಿದವರು ಮುಗಿಸುವ ಹೊತ್ತಿಗೆ ನಗು ನಿಲ್ಲಿಸಿರುತ್ತಾರೆ.

ಈ ಸಾಲಿನ ತುತ್ತತುದಿ 1994ರ ‘ಜುಗಾರಿ ಕ್ರಾಸ್’. ಅಮೆರಿಕದ ‘ವೆಸ್ಟರ್ನ್’ ಕಥೆಗಳು ನಡೆಯುವುದು ಕಾನೂನು ಇನ್ನೂ ಪೂರ್ತಿಯಾಗಿ ತಲುಪದ ಗಡಿನಾಡಿನಲ್ಲಿ. ಅಲ್ಲಿ ಚಿನ್ನದ ಆಸೆ, ಬಂದೂಕು, ಒಂಟಿ ರಸ್ತೆ, ಅಪರಿಚಿತರು ಸೇರುವ ಒಂದು ಅಡ್ಡೆ ಇರಲೇಬೇಕು. ಕುದುರೆಯ ಬದಲು ಲಾರಿ ಮತ್ತು ಜೀಪು, ಚಿನ್ನದ ಬದಲು ಏಲಕ್ಕಿ ಇಟ್ಟರೆ ಅದು ನಮ್ಮ ಪಶ್ಚಿಮಘಟ್ಟದ ಚಿತ್ರವೇ ಆಗುತ್ತದೆ. ಏಲಕ್ಕಿ ಮಾರಿದ ಹಣದೊಂದಿಗೆ ಹೊರಟ ಸುರೇಶ ಮತ್ತು ಗೌರಿ ಎಂಬ ಯುವ ದಂಪತಿ ಒಂದು ದಿನದ ಅವಧಿಯಲ್ಲಿ ಕಳ್ಳಸಾಗಣೆದಾರರ ಜಾಲದ ನಡುವೆ ಸಿಲುಕುತ್ತಾರೆ. ಜೊತೆಗೆ ಹಳೆಗನ್ನಡ ಕಾವ್ಯವೊಂದರ ದ್ವಂದ್ವಾರ್ಥದಲ್ಲಿ ಅಡಗಿರುವ ಕೆಂಪು ಹರಳುಗಳ ರಹಸ್ಯವೂ ಸೇರಿಕೊಳ್ಳುತ್ತದೆ. ಜುಗಾರಿ ಕ್ರಾಸ್ ಯಾವ ನಕಾಶೆಯಲ್ಲಿಯೂ ಇಲ್ಲ. ಆದರೂ ಕೊಪ್ಪದಿಂದ ಜಯಪುರಕ್ಕೋ ನರಸಿಂಹರಾಜಪುರಕ್ಕೋ ರಾತ್ರಿ ಪ್ರಯಾಣಿಸುವವರು ನಾಲ್ಕು ರಸ್ತೆ ಕೂಡುವೆಡೆಯಲ್ಲಿ ಮಂದ ದೀಪದ ಅಂಗಡಿಯೊಂದನ್ನು ಕಂಡಾಗ ಆ ಹೆಸರನ್ನು ನೆನೆಯುವುದುಂಟು.

ಕೆಲವು ವಿಮರ್ಶಕರಿಗೆ ‘ಜುಗಾರಿ ಕ್ರಾಸ್’ ಹಿಡಿಸಲಿಲ್ಲ. ಇದು ಬರೀ ಥ್ರಿಲ್ಲರ್, ಪಾತ್ರಗಳಿಗೆ ಆಳವಿಲ್ಲ, ‘ಕರ್ವಾಲೊ’ ಬರೆದ ಲೇಖಕ ಜನಪ್ರಿಯತೆಯ ಕಡೆಗೆ ವಾಲಿದ್ದಾರೆ ಎಂಬ ಆಕ್ಷೇಪಗಳು ಕೇಳಿಬಂದವು. ಆಕ್ಷೇಪದಲ್ಲಿ ಸ್ವಲ್ಪ ಹುರುಳಿದೆ. ಸುರೇಶ, ಗೌರಿಯರಿಗೆ ಮಂದಣ್ಣನ ಜೀವಂತಿಕೆ ಇಲ್ಲ. ಆದರೆ ಕೃಷಿಯಲ್ಲಿ ಸೋತ ವಿದ್ಯಾವಂತ ತರುಣರು, ಅವರ ಶ್ರಮದ ಫಲವನ್ನು ಕಬಳಿಸುವ ಅದೃಶ್ಯ ವ್ಯಾಪಾರ ಜಾಲ, ಆ ಜಾಲದೊಂದಿಗೆ ಹೊಂದಿಕೊಂಡ ಆಡಳಿತ ಇವನ್ನು ಗಂಭೀರ ಪ್ರಬಂಧಗಳು ಹೇಳಿದ್ದಕ್ಕಿಂತ ಈ ಥ್ರಿಲ್ಲರ್ ಹೆಚ್ಚು ಜನರಿಗೆ ಮುಟ್ಟಿಸಿತು ಎಂಬುದನ್ನೂ ಒಪ್ಪಲೇಬೇಕು.

ಇಷ್ಟು ಅವರ ಸ್ವಂತ ಕೃತಿಗಳ ಮಾತು. ಪ್ರಕಾಶಕರಾಗಿ ಅವರು ಮಾಡಿದ ಕೆಲಸ ಇದಕ್ಕಿಂತ ಕಡಿಮೆಯದಲ್ಲ. ‘ಪುಸ್ತಕ ಪ್ರಕಾಶನ’ ಎಂಬ ಅತ್ಯಂತ ಸಾದಾ ಹೆಸರಿನಡಿಯಲ್ಲಿ ಅವರ ಪುಸ್ತಕಗಳು ಹೊರಬಂದವು. ಮೂಡಿಗೆರೆಯ ತೋಟದಲ್ಲಿ ಕುಳಿತ ಲೇಖಕ ತನ್ನ ಪುಸ್ತಕದ ರೂಪ, ಮುಖಪುಟ, ಬೆಲೆಗಳ ಬಗ್ಗೆ ತಾನೇ ತೀರ್ಮಾನಿಸುವ ಸ್ವಾತಂತ್ರ್ಯ ಅದರಿಂದ ದೊರೆಯಿತು. ಪುಸ್ತಕಗಳು ತೆಳ್ಳಗಿದ್ದವು, ಕೈಗೆಟಕುವ ಬೆಲೆಯಲ್ಲಿದ್ದವು. ಗ್ರಂಥಾಲಯ ಖರೀದಿಯನ್ನೇ ನಂಬಿ ಮುದ್ರಿಸುವ ಪದ್ಧತಿ ವ್ಯಾಪಕವಾಗಿದ್ದ ಕನ್ನಡ ಪ್ರಕಾಶನ ರಂಗದಲ್ಲಿ ಓದುಗನ ಜೇಬನ್ನೇ ನಂಬಿದ ಈ ಕ್ರಮ ಸಾಹಸದ್ದಾಗಿತ್ತು.

ಈ ಪ್ರಕಾಶನದಿಂದ ಬಂದ ‘ಕಾಡಿನ ಕಥೆಗಳು’ ಮಾಲೆಯ ನಾಲ್ಕು ಸಂಕಲನಗಳನ್ನು ಓದದ ಮಲೆನಾಡಿನ ಹೈಸ್ಕೂಲು ವಿದ್ಯಾರ್ಥಿಗಳು ಒಂದು ಕಾಲಕ್ಕೆ ವಿರಳವಾಗಿದ್ದರು. ‘ಬೆಳ್ಳಂದೂರಿನ ನರಭಕ್ಷಕ’, ‘ಪೆದ್ದಚೆರುವಿನ ರಾಕ್ಷಸ’, ‘ಜಾಲಹಳ್ಳಿಯ ಕುರ್ಕ’, ‘ಮುನಿಶಾಮಿ ಮತ್ತು ಮಾಗಡಿ ಚಿರತೆ’ ಎಂಬ ಈ ಪುಸ್ತಕಗಳ ಮೂಲ ಬೆಂಗಳೂರಿನಲ್ಲಿ ನೆಲೆಸಿದ್ದ ಬೇಟೆಗಾರ, ಲೇಖಕ ಕೆನೆತ್ ಆಂಡರ್ಸನ್ ಅವರ ಇಂಗ್ಲಿಷ್ ಬರಹಗಳು. 1910ರಲ್ಲಿ ಜನಿಸಿ 1974ರಲ್ಲಿ ನಿಧನರಾದ ಆಂಡರ್ಸನ್ ಚಿಕ್ಕಮಗಳೂರು, ಶಿವಮೊಗ್ಗ ಜಿಲ್ಲೆಗಳ ಕಾಡುಗಳನ್ನೂ ಬಲ್ಲವರಾಗಿದ್ದರು. ತೇಜಸ್ವಿ ಅವರ ಕಥೆಗಳನ್ನು ಪದಶಃ ಅನುವಾದಿಸದೆ ಭಾವಾನುವಾದ ಮಾಡಿದರು. ಇಂಗ್ಲಿಷ್ ದೊರೆಯ ಕಥೆಗಳಾಗಿದ್ದವು ಕನ್ನಡದಲ್ಲಿ ನಮ್ಮ ಹಳ್ಳಿಗರ ಕಥೆಗಳಾದವು. ಜಿಮ್ ಕಾರ್ಬೆಟ್ ಅವರ ರುದ್ರಪ್ರಯಾಗದ ನರಭಕ್ಷಕ ಚಿರತೆಯ ಕಥನವನ್ನೂ ಅವರು ಕನ್ನಡಕ್ಕೆ ತಂದರು.

ಬೇಟೆಯ ಕಥೆ ಅವರಿಗೆ ಹೊರಗಿನದೂ ಆಗಿರಲಿಲ್ಲ. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ ಪುಸ್ತಕದಲ್ಲಿಯೇ ಬೇಟೆಯ ಪ್ರಸಂಗಗಳಿವೆ. ತೇಜಸ್ವಿ ಸ್ವತಃ ಯೌವನದಲ್ಲಿ ಕೋವಿ ಹಿಡಿದು ಕಾಡು ಸುತ್ತಿದವರು, ನಂತರ ಕೋವಿ ಕೆಳಗಿಟ್ಟು ಕ್ಯಾಮೆರಾ ಹಿಡಿದವರು. ಒಳ್ಳೆಯ ನರಭಕ್ಷಕ ಕಥೆ ರಚನೆಯಲ್ಲಿ ಪತ್ತೇದಾರಿ ಕಥೆಯೇ. ಹೆಜ್ಜೆ ಗುರುತು, ರಕ್ತದ ಕಲೆ, ಹೆದರಿದ ಸಾಕ್ಷಿಗಳು, ಅಪರಾಧಿಯ ಅಭ್ಯಾಸಗಳ ಲೆಕ್ಕಾಚಾರ ಎಲ್ಲವೂ ಇರುತ್ತವೆ. ಮೃಗ ಮನುಷ್ಯನನ್ನು ತಿನ್ನಲು ಆರಂಭಿಸಿದ್ದೇಕೆ ಎಂಬ ಪ್ರಶ್ನೆಗೆ ಹಳೆಯ ಗುಂಡಿನ ಗಾಯವೋ ಮುಳ್ಳುಹಂದಿಯ ಮುಳ್ಳೋ ಉತ್ತರವಾಗಿ ದೊರೆತಾಗ ಓದುಗನ ಸಹಾನುಭೂತಿ ಮೃಗದ ಕಡೆಗೆ ತಿರುಗುತ್ತದೆ. ಬಿಸಿರಕ್ತದ ಬಾಲಕರನ್ನು ಬೇಟೆಯ ರೋಮಾಂಚನ ತೋರಿಸಿ ಕರೆದು, ಕಾಡಿನ ಬಗ್ಗೆ ಯೋಚಿಸುವಂತೆ ಮಾಡಿ ಕಳುಹಿಸಿದ್ದು ಈ ಮಾಲೆಯ ಸಾಧನೆ.

ಕೊಲೆ ಆರೋಪದ ಮೇಲೆ 1931ರಲ್ಲಿ ಶಿಕ್ಷೆಗೊಳಗಾಗಿ ಫ್ರೆಂಚ್ ಗಯಾನಾದ ಬಂದೀಖಾನೆ ಸೇರಿದ ಹೆನ್ರಿ ಶಾರಿಯೇರ್ ಅವರ ‘ಪ್ಯಾಪಿಲಾನ್’ ಕನ್ನಡಕ್ಕೆ ಬಂದದ್ದು ಪ್ರದೀಪ ಕೆಂಜಿಗೆ ಮತ್ತು ತೇಜಸ್ವಿ ಅವರ ಜೋಡಿ ಶ್ರಮದಿಂದ. ಸೈಬೀರಿಯಾದ ಶಿಬಿರದಿಂದ ಕಾಲ್ನಡಿಗೆಯಲ್ಲಿ ಭಾರತ ತಲುಪಿದ ಕಥೆ ಹೇಳುವ ಸ್ಲಾವೊಮಿರ್ ರಾವಿಜ್ ಅವರ ಪುಸ್ತಕ ‘ಮಹಾಪಲಾಯನ’ವಾಯಿತು. ಎರಡೂ ಪುಸ್ತಕಗಳ ಸತ್ಯಾಸತ್ಯತೆಯ ಬಗ್ಗೆ ಹೊರದೇಶಗಳಲ್ಲಿ ಗಂಭೀರ ಸಂದೇಹಗಳಿವೆ. ಶಾರಿಯೇರ್ ಇತರ ಕೈದಿಗಳ ಅನುಭವಗಳನ್ನೂ ತನ್ನದೆಂದು ಹೇಳಿಕೊಂಡರೆಂಬ ವಾದವಿದೆ. ರಾವಿಜ್ 1942ರಲ್ಲಿ ಕ್ಷಮಾದಾನ ಪಡೆದು ಬಿಡುಗಡೆಯಾಗಿದ್ದರೆಂಬುದನ್ನು ಸೋವಿಯತ್ ದಾಖಲೆಗಳ ಆಧಾರದ ಮೇಲೆ ಬಿಬಿಸಿ 2006ರಲ್ಲಿ ವರದಿ ಮಾಡಿತು. ಕನ್ನಡದಲ್ಲಿ ಇವೆರಡನ್ನೂ ಇಂದಿಗೂ ಅಪ್ಪಟ ಆತ್ಮಕಥನಗಳೆಂದೇ ಓದಲಾಗುತ್ತಿದೆ. ಮರುಮುದ್ರಣಗಳಲ್ಲಿ ಒಂದು ಟಿಪ್ಪಣಿ ಸೇರಿಸಿದರೆ ಓದಿನ ಸ್ವಾರಸ್ಯಕ್ಕೇನೂ ಕುಂದಾಗದು.

ಹೊಸ ಸಹಸ್ರಮಾನದ ಹೊಸ್ತಿಲಲ್ಲಿ ಅವರು ಕೈಗೆತ್ತಿಕೊಂಡ ‘ಮಿಲೆನಿಯಂ’ ಮಾಲೆಯಲ್ಲಿ ‘ಮಹಾಪಲಾಯನ’ದ ಜೊತೆಗೆ ‘ಹುಡುಕಾಟ’, ‘ಜೀವನ ಸಂಗ್ರಾಮ’, ‘ಪೆಸಿಫಿಕ್ ದ್ವೀಪಗಳು’, ‘ಚಂದ್ರನ ಚೂರು’, ‘ಅಡ್ವೆಂಚರ್’, ‘ಮಹಾಯುದ್ಧ’, ‘ವಿಸ್ಮಯ ವಿಶ್ವ’ ಮುಂತಾದ ಪುಸ್ತಕಗಳು ಬಂದವು. ಸಾಹಸ, ಅಪಾಯ, ಅನ್ವೇಷಣೆ, ಯುದ್ಧಗಳ ಬಗೆಗಿನ ಬಿಡಿಬಿಡಿ ಕಥನಗಳನ್ನು ಒಟ್ಟುಗೂಡಿಸಿದ ಸಂಕಲನಗಳಿವು. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಸುಲಭವಾಗಿ ದೊರೆಯುವ ಓದು ಕನ್ನಡ ಮಾಧ್ಯಮದ ಮಕ್ಕಳಿಗೆ ಏಕೆ ದೊರೆಯಬಾರದು ಎಂಬ ಕಾಳಜಿ ಇದರ ಹಿಂದಿತ್ತು. ಮೂಲಗಳ ಉಲ್ಲೇಖದಲ್ಲಿ ಈ ಪುಸ್ತಕಗಳು ಅಷ್ಟು ಕಟ್ಟುನಿಟ್ಟಲ್ಲ. ಪಂಡಿತರಿಗಾಗಿ ಅವನ್ನು ಬರೆದದ್ದೂ ಅಲ್ಲ. ಜಗತ್ತಿನ ವಿಷಯಗಳನ್ನು ರೋಚಕವಾಗಿ ಹೇಳಲಾಗದ ಭಾಷೆಯನ್ನು ಮಕ್ಕಳು ಕೈಬಿಡುತ್ತಾರೆ ಎಂಬ ಆತಂಕ ಅವರನ್ನು ಕೊನೆಯವರೆಗೂ ಕಾಡಿತು. ಕಂಪ್ಯೂಟರಿನಲ್ಲಿ ಕನ್ನಡ ಬಳಕೆಯ ತಂತ್ರಾಂಶಕ್ಕಾಗಿ ಅವರು ಓಡಾಡಿದ್ದೂ ಇದೇ ಆತಂಕದಿಂದ.

2005ರ ಕೊನೆಯಲ್ಲಿ ಕುದುರೆಮುಖದ ಗಣಿಗಾರಿಕೆ ನ್ಯಾಯಾಲಯದ ತೀರ್ಪಿನಂತೆ ನಿಂತಿತು. ಅದರ ವಿರುದ್ಧದ ಹೋರಾಟವನ್ನು ಬೆಂಬಲಿಸಿದವರಲ್ಲಿ ತೇಜಸ್ವಿ ಇದ್ದರು. ಅದೇ ವೇಳೆಗೆ ‘ಮಾಯಾಲೋಕ’ದ ಮೊದಲ ಭಾಗ ಪ್ರಕಟವಾಗಿತ್ತು. ಭಾಗಗಳಾಗಿ ಮುಂದುವರಿಯಬೇಕಿದ್ದ ಆ ಕಥನ ಅಲ್ಲಿಗೇ ನಿಂತಿತು. 2007ರ ಏಪ್ರಿಲ್ 5ರಂದು ಮೂಡಿಗೆರೆಯ ‘ನಿರುತ್ತರ’ದಲ್ಲಿ ಹೃದಯಾಘಾತದಿಂದ ಅವರು ಕೊನೆಯುಸಿರೆಳೆದರು. ಆಗ ಅವರಿಗೆ 68 ವರ್ಷ. ಕುಪ್ಪಳಿಯಲ್ಲಿ ತಂದೆಯ ಸಮಾಧಿಯಿರುವ ಕವಿಶೈಲದ ಪರಿಸರದಲ್ಲಿಯೇ ಅವರ ಸ್ಮಾರಕವಿದೆ. ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರದಲ್ಲಿ ಅವರ ಹೆಸರಿನ ಪ್ರತಿಷ್ಠಾನ ಸ್ಥಾಪನೆಯಾಗಿದೆ. ಪತಿಯ ಬದುಕನ್ನು ‘ನನ್ನ ತೇಜಸ್ವಿ’ ಕೃತಿಯಲ್ಲಿ ದಾಖಲಿಸಿದ ರಾಜೇಶ್ವರಿ 2021ರಲ್ಲಿ ನಿಧನರಾದರು.

ಅವರ ಕಾಲದ ಎಷ್ಟೋ ಲೇಖಕರ ಪುಸ್ತಕಗಳನ್ನು ಇಂದು ಹುಡುಕಿ ತೆಗೆಯಬೇಕು. ತೇಜಸ್ವಿಯವರ ಪುಸ್ತಕಗಳು ಹಾಗಲ್ಲ, ಮರುಮುದ್ರಣ ನಿಂತಿಲ್ಲ. ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ‘ಡೇರ್ ಡೆವಿಲ್ ಮುಸ್ತಫಾ’ ಕಥೆಯನ್ನು ಶಶಾಂಕ್ ಸೋಗಾಲ್ ಚಲನಚಿತ್ರವಾಗಿಸಿದಾಗ ಹಣ ಹೂಡಲು ಮುಂದೆ ಬಂದವರು ತೇಜಸ್ವಿಯವರ ಓದುಗರೇ. ಐವತ್ತು ವರ್ಷ ಹಿಂದಿನ ಸಣ್ಣಕಥೆಯನ್ನು ಆಧರಿಸಿದ ಆ ಚಿತ್ರ 2023ರಲ್ಲಿ ರಾಜ್ಯದ ಚಿತ್ರಮಂದಿರಗಳಲ್ಲಿ ತೆರೆಕಂಡಿತು.